ಆಟದ ನೌಕೆಯಲ್ಲಿ ವಿದ್ಯುತ್ತು

ಮನೆಯ ತೊಟ್ಟಿಯಲ್ಲಿ ಎಷ್ಟು ಕೊಡ ನೀರಿದೆಯೆಂದು ತಿಳಿದರೆ, ಅಂದಿನ ಅಡಿಗೆಗೂ ಸ್ನಾನಕ್ಕೂ ಅದು ಸಾಲುವುದೋ ಇಲ್ಲವೋ ಎಂದು ನಾವು ಹೇಳಬಲ್ಲೆವು. ನೀರಿನ ಒತ್ತಡದ ವಿಚಾರ ಆಗ ಬೇಕಾಗುವುದಿಲ್ಲ. ಅದೇ ನೀರನ್ನು ಕೊಳವೆಯಲ್ಲಿ ಹರಿಸಹೊರಟರೆ ಮಾತ್ರ, ಒತ್ತಡವನ್ನು ಮರೆತವನ ಕೊಳವೆ ಒಡೆದೀತು. ವಿದ್ಯುತ್ತಿನ ವಿಷಯವೂ ಹೀಗೆಯೇ. ಗಣಕಯಂತ್ರದಲ್ಲಿ ಆಡುವ ವ್ಯೋಮಯಾನದ ಆಟಗಳನ್ನು ರಚಿಸುವವರು ಇವುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಯನ್ನು ಎದುರಿಸಲೇಬೇಕು.

ಮೆಕ್ಸಿಕೋ ದೇಶದ ಸ್ಕ್ವಾಡ್ ಸಂಸ್ಥೆ ನಿರ್ಮಿಸಿದ 'ಕರ್ಬಲ್ ಸ್ಪೇಸ್ ಪ್ರೋಗ್ರಾಂ' ಎಂಬ ಆಟವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. 2011ರಲ್ಲಿ ಮೊದಲು ಹೊರಬಂದು 2015ರಲ್ಲಿ ಪೂರ್ಣರೂಪ ತಳೆದ ಈ ಆಟದಲ್ಲಿ ಆಟಗಾರನೇ ರಾಕೆಟ್ಟನ್ನು ಜೋಡಿಸಿ ಹಾರಿಸುತ್ತಾನೆ. ನೌಕೆಯ ಚಲನೆಯಲ್ಲಿ ಬಹುಮಟ್ಟಿಗೆ ನ್ಯೂಟನ್ನನ ನಿಯಮಗಳನ್ನು ಪಾಲಿಸುವ ಈ ಆಟವು ವಿದ್ಯುತ್ತಿನ ವಿಷಯದಲ್ಲಿ ಮಾತ್ರ ಅತಿ ಸರಳವಾದುದು. ಅಲ್ಲಿ ವೋಲ್ಟೂ ಇಲ್ಲ, ಆಂಪಿಯರೂ ಇಲ್ಲ, ತಂತಿಯೂ ಇಲ್ಲ; ಇರುವುದು ಒಂದೇ ಬಗೆಯ ಎಣಿಕೆ. ಅದನ್ನು ನಾವು 'ಅಂಶ'ವೆಂದು ಕರೆಯೋಣ. ಸೌರಫಲಕಗಳು ಅಂಶಗಳನ್ನು ತುಂಬುತ್ತವೆ, ಉಪಕರಣಗಳು ಬರಿದುಮಾಡುತ್ತವೆ, ಬ್ಯಾಟರಿಯು ತೊಟ್ಟಿಯಂತೆ ಹಿಡಿದಿಡುತ್ತದೆ.

ಇಷ್ಟರಿಂದಲೇ ಕಲಿಯುವುದು ಕಡಮೆಯೇನಲ್ಲ. ಭೂಮಿಗೆ ಸಮೀಪದ ಕಕ್ಷೆಯಲ್ಲಿ ನೌಕೆಯೊಂದು 90 ನಿಮಿಷಗಳಿಗೊಮ್ಮೆ ಸುತ್ತುತ್ತ, ಅದರಲ್ಲಿ 35 ನಿಮಿಷ ನೆರಳಿನಲ್ಲಿರುವುದೆಂದು ಭಾವಿಸೋಣ. ನಿಮಿಷಕ್ಕೆ 3 ಅಂಶ ವೆಚ್ಚವಾದರೆ ನೆರಳಿನ ಕಾಲಕ್ಕೆ 105 ಅಂಶ ಬೇಕು. 100 ಅಂಶದ ಬ್ಯಾಟರಿ ಸಾಲದು. ಇಡೀ ಸುತ್ತಿನ ವೆಚ್ಚ 270 ಅಂಶ. ಇದನ್ನು ಬಿಸಿಲಿರುವ 55 ನಿಮಿಷಗಳಲ್ಲಿಯೇ ಗಳಿಸಬೇಕಾದ್ದರಿಂದ ಫಲಕಗಳು ನಿಮಿಷಕ್ಕೆ ಸುಮಾರು 5 ಅಂಶ ಕೊಡಬೇಕು. ಲೆಕ್ಕ ತಪ್ಪಿದರೆ, ಯಾತ್ರಿಕರಿಲ್ಲದ ನೌಕೆ ಆಟಗಾರನ ಆಜ್ಞೆಗೆ ಓಗೊಡದೆ ಜಡವಾಗುತ್ತದೆ. ಸೂರ್ಯನಿಂದ ದೂರವು ಎರಡರಷ್ಟಾದರೆ ಫಲಕದ ಉತ್ಪತ್ತಿ ಕಾಲುಭಾಗಕ್ಕಿಳಿಯುವ ನಿಯಮವೂ ಈ ಆಟದಲ್ಲಿ ಉಂಟು.

ಹಾಗಾದರೆ ವೋಲ್ಟನ್ನು ಬಿಟ್ಟುದರಿಂದ ನಷ್ಟವೇನು? ಇದಕ್ಕೆ 1970ರ ಅಪೊಲೊ 13ರ ಯಾತ್ರೆ ಉತ್ತರ ಕೊಡುತ್ತದೆ. ಆ ನೌಕೆಯ ಆಮ್ಲಜನಕದ ಟ್ಯಾಂಕೊಂದರಲ್ಲಿ, ಶಾಖ ಮಿತಿಮೀರದಂತೆ ತಡೆಯುವ ಸ್ವಿಚ್ಚುಗಳಿದ್ದುವು. ಅವು 28 ವೋಲ್ಟಿಗೆ ತಕ್ಕವು. ಉಡಾವಣೆಗೆ ಮುನ್ನ ನೆಲದ ಮೇಲೆ ಟ್ಯಾಂಕನ್ನು ಬರಿದುಮಾಡುವಾಗ ಅವುಗಳ ಮೇಲೆ 65 ವೋಲ್ಟು ಬಿದ್ದಿತು. ಸ್ವಿಚ್ಚುಗಳು ಬೆಸೆದುಕೊಂಡು ತೆರೆಯದಾದುವು. ಒಳಗಿನ ತಂತಿಗಳ ಹೊದಿಕೆ ಶಾಖದಿಂದ ಕೆಟ್ಟಿತು. ಏಪ್ರಿಲ್ 13ರಂದು, ನೌಕೆ ಚಂದ್ರನತ್ತ ಸಾಗುತ್ತಿದ್ದಾಗ, ಆ ಟ್ಯಾಂಕು ಸಿಡಿಯಿತು.

ಆಮ್ಲಜನಕವು ಸೋರಿಹೋಗಿ, ಅದರಿಂದ ವಿದ್ಯುತ್ತನ್ನು ಉತ್ಪಾದಿಸುತ್ತಿದ್ದ ಇಂಧನಕೋಶಗಳು ನಿಂತುವು. ಲವೆಲ್, ಸ್ವೈಗರ್ಟ್, ಹೇಯ್ಸ್ ಈ ಮೂವರು ಯಾತ್ರಿಕರೂ ಚಂದ್ರನ ಮೇಲೆ ಇಳಿಯಲೆಂದಿದ್ದ ಚಿಕ್ಕ ನೌಕೆಯನ್ನು ಆಶ್ರಯಿಸಿದರು. ಇಬ್ಬರನ್ನು ಎರಡು ದಿನ ಸಲಹಬೇಕಾದ ಆ ನೌಕೆ ಮೂವರನ್ನು ಸುಮಾರು ನಾಲ್ಕು ದಿನ ಸಲಹಬೇಕಾಯಿತು. ಅದರ ಬ್ಯಾಟರಿಗಳನ್ನು ಮತ್ತೆ ತುಂಬುವಂತಿರಲಿಲ್ಲ. ವೆಚ್ಚವನ್ನು ಸಾಮಾನ್ಯದ ಐದನೆಯ ಒಂದು ಭಾಗಕ್ಕಿಳಿಸಿ, ಚಳಿಯಲ್ಲಿ ನಡುಗುತ್ತ, ಅವರು ಏಪ್ರಿಲ್ 17ರಂದು ಭೂಮಿಗೆ ಮರಳಿದರು. ಅವರನ್ನು ಅಪಾಯಕ್ಕೆ ನೂಕಿದುದು ತೊಟ್ಟಿಯ ಲೆಕ್ಕಕ್ಕೆ ಕಾಣದ ವೋಲ್ಟು. ಬದುಕಿಸಿದವುಗಳಲ್ಲಿ ಮುಖ್ಯವಾದುದು ಆ ತೊಟ್ಟಿಯ ಲೆಕ್ಕವೇ.

ಎರಡನ್ನೂ ಆಟದಲ್ಲಿ ಸೇರಿಸಬಾರದೇಕೆ? ಸೇರಿಸಬಹುದು. ಆದರೆ ಆಗ ಪ್ರತಿಯೊಂದು ತಂತಿಯ ರೋಧವನ್ನೂ ಕೂಡುಗಳಲ್ಲಿನ ಪ್ರವಾಹವನ್ನೂ ಗಣಕಯಂತ್ರವು ಕ್ಷಣಕ್ಷಣಕ್ಕೂ ಲೆಕ್ಕ ಹಾಕಬೇಕು. ಇದಕ್ಕಿಂತ ಹೆಚ್ಚಿನ ಹೊರೆ ಆಟಗಾರನದು. ಚಂದ್ರನನ್ನು ಮುಟ್ಟಬೇಕೆಂದು ಬಂದವನು ಫ್ಯೂಸು ಆಯುವುದರಲ್ಲೇ ದಣಿದಾನು. ನೌಕೆಯನ್ನು ನಡೆಸುವವನಿಗೆ ಶಕ್ತಿಯ ಆಯವ್ಯಯ ಮುಖ್ಯ. ಕಟ್ಟುವವನಿಗೆ ವೋಲ್ಟು ಮುಖ್ಯ. ಆಟವು ಯಾರ ಕೆಲಸವನ್ನು ಕಲಿಸುತ್ತದೆಯೋ ಅದಕ್ಕೆ ತಕ್ಕುದನ್ನು ಉಳಿಸಿಕೊಳ್ಳಬೇಕು.

ಈ ಒರೆಗಲ್ಲಿಗೆ ಹಚ್ಚಿದರೆ ಕರ್ಬಲ್ ಆಟದಲ್ಲಿಯೂ ಒಂದು ಕೊರತೆ ಕಾಣುತ್ತದೆ. ಅಲ್ಲಿ ಪ್ಲುಟೋನಿಯಂ ಶಾಖದ ವಿದ್ಯುದುತ್ಪಾದಕವು ಎಂದಿಗೂ ಕುಗ್ಗುವುದಿಲ್ಲ. 1977ರಲ್ಲಿ ಹೊರಟ ವಾಯೇಜರ್ ನೌಕೆಗಳಾದರೋ ವರ್ಷಕ್ಕೆ ಸುಮಾರು 4 ವ್ಯಾಟ್ ಕಳೆದುಕೊಳ್ಳುತ್ತಿವೆ. ಯಾವ ಉಪಕರಣವನ್ನು ಆರಿಸಬೇಕು, ಯಾವುದನ್ನು ಉಳಿಸಬೇಕು ಎಂದು ವಿಜ್ಞಾನಿಗಳು ಆಯಬೇಕಾಗಿದೆ. ಇದು ನೌಕೆಯನ್ನು ನಡೆಸುವವನದೇ ಚಿಂತೆ. ಇಲ್ಲಿ ಸರಳತೆಯು ಕಲಿಯಬೇಕಾದುದನ್ನೇ ಮರೆಮಾಡಿತು.

ಘರ್ಷಣೆಯಿಲ್ಲದ ಇಳಿಜಾರನ್ನು, ತೂಕವಿಲ್ಲದ ದಾರವನ್ನು ನಮ್ಮ ಭೌತಶಾಸ್ತ್ರದ ಪಾಠಗಳಲ್ಲಿ ನಿತ್ಯವೂ ಕಾಣುತ್ತೇವೆ. ಅವು ಸುಳ್ಳಲ್ಲ, ಒಂದು ಪ್ರಶ್ನೆಗಾಗಿ ಉಳಿದುವನ್ನು ಬದಿಗಿಟ್ಟ ಚಿತ್ರಗಳು. ಬದಿಗಿಟ್ಟುದೇನೆಂಬ ನೆನಪಿರುವವರೆಗೆ ಅವುಗಳಿಂದ ಮೋಸವಿಲ್ಲ.