36 ಚಿತ್ರಗಳ ಬೆಲೆ

ಡಿಜಿಟಲ್ ಯುಗದಲ್ಲೂ ಕೆಲವು ವಿದ್ಯಾರ್ಥಿಗಳು ಫಿಲ್ಮ್ ಕ್ಯಾಮೆರಾದತ್ತ ಒಲಿಯುತ್ತಿರುವುದು ಗಮನಾರ್ಹ. ಕ್ಯಾಮೆರಾವನ್ನು ಒಮ್ಮೆ ಕೊಂಡರೆ ಸಾಕು. ಖರ್ಚು ಆರಂಭವಾಗುವುದು ಆ ಬಳಿಕ. 35 ಮಿ.ಮೀ. ರೋಲಿನಲ್ಲಿ ದೊರೆಯುವುದು ಹೆಚ್ಚೆಂದರೆ ಸುಮಾರು 36 ಚಿತ್ರಗಳು. ರೋಲು ಕೊಳ್ಳಲು, ತೊಳೆಸಲು, ಪ್ರಿಂಟ್ ಹಾಕಿಸಲು ಹೀಗೆ ಮೂರು ಬಾರಿ ಹಣ ತೆರಬೇಕು. ಚಿತ್ರ ಕೆಟ್ಟರೂ ಮೊದಲೆರಡು ವೆಚ್ಚ ತಪ್ಪದು.

ಈ ಭಾರ ಹೊಸದಲ್ಲ. ಫಿಲ್ಮಿನ ಲೇಪದಲ್ಲಿ ಬೆಳ್ಳಿಯ ಲವಣವಿದೆ. 1959ರಲ್ಲಿ ಜಪಾನಿನ ಒಲಿಂಪಸ್ ಸಂಸ್ಥೆ ತಂದ 'ಪೆನ್' ಕ್ಯಾಮೆರಾ, ಒಂದು ಚಿತ್ರದ ಜಾಗದಲ್ಲಿ ಎರಡನ್ನು ಮೂಡಿಸಿ 36ನ್ನು 72 ಆಗಿಸಿತು. ಊಟಿಯಲ್ಲಿ 'ಇಂದು' ಫಿಲ್ಮನ್ನು ತಯಾರಿಸುತ್ತಿದ್ದ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ ಮುಚ್ಚಿಹೋಗಿದೆ. ನಮ್ಮ ವಿದ್ಯಾರ್ಥಿಗಳು ಈಗ ಬಹುಮಟ್ಟಿಗೆ ಆಮದಾದ ಫಿಲ್ಮನ್ನೇ ನೆಚ್ಚಬೇಕು. ಉಳಿತಾಯಕ್ಕೂ ದಾರಿಯಿದೆ: 100 ಅಡಿಯ ಸುರುಳಿಯನ್ನು ಕೊಂಡು ಡಬ್ಬಿಗಳಿಗೆ ತುಂಬಿಕೊಂಡರೆ ಸುಮಾರು 18 ರೋಲುಗಳಾಗುತ್ತವೆ, ಕಪ್ಪು-ಬಿಳುಪು ಫಿಲ್ಮನ್ನು ಮನೆಯಲ್ಲೇ ತೊಳೆಯಬಹುದು.

ಮಿತಿಯು ನೋಡುವ ಶಿಸ್ತನ್ನು ಕಲಿಸುತ್ತದೆಂಬುದು ನಿಜ. ಆದರೆ ತಾನಾಗಿ ಆಯ್ದುಕೊಂಡ ಮಿತಿ ಬೇರೆ, ಅಭಾವವು ಹೇರಿದ ಮಿತಿ ಬೇರೆ. ತಪ್ಪು ಮಾಡಲು ಹಣವಿಲ್ಲದವನು ಕಲಿಯುವುದಾದರೂ ಹೇಗೆ? ಹೆತ್ತವರು ಇದನ್ನು ದುಂದುವೆಚ್ಚವೆಂದು ತಳ್ಳಿಹಾಕುವ ಮುನ್ನ, ತಿಂಗಳಿಗೊಂದು ರೋಲಿನ ಲೆಕ್ಕವನ್ನು ಮಕ್ಕಳೊಡನೆ ಕುಳಿತು ಹಾಕಲಿ. ಕೆಟ್ಟ ಚಿತ್ರಗಳಿಗೂ ಆ ಲೆಕ್ಕದಲ್ಲಿ ಸ್ಥಾನವಿರಲಿ.