ಮೊದಲ ಸ್ವರದಲ್ಲೇ ತೀರ್ಮಾನ: ಕೈಕೆಲಸದ ವಾಲ್ವ್ ಆಂಪ್ಲಿಫೈಯರ್ ಮತ್ತು ಸಣ್ಣ ಉದ್ಯಮ

ಹಳೆಯ ತಂತ್ರಜ್ಞಾನಕ್ಕೆ ಮಾರುಕಟ್ಟೆಯಿಲ್ಲವೆಂಬುದು ವ್ಯಾಪಾರ ವಲಯದಲ್ಲಿ ಆಗಾಗ್ಗೆ ಕೇಳಿಬರುವ ಮಾತು. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ರೂಪುಗೊಂಡ ನಂತರದ ಕೆಲವು ದಶಕಗಳಲ್ಲಿ ರೇಡಿಯೋ, ದೂರದರ್ಶನ ಮತ್ತು ಗಣಕಯಂತ್ರಗಳಿಂದ ಗಾಜಿನ ವಾಲ್ವ್‌ಗಳು ಒಂದೊಂದಾಗಿ ಮರೆಯಾದವು. ಸ್ವಿಚ್ ಹಾಕಿದ ಮೇಲೆ ಬಿಸಿಯಾಗುವವರೆಗೆ ಕಾಯಬೇಕಾಗಿದ್ದ ನಮ್ಮ ಹಿರಿಯರ ವಾಲ್ವ್ ರೇಡಿಯೋ ಇಂದು ಮನೆಯ ಅಲಂಕಾರದ ವಸ್ತುವಾಗಿದೆ. ಆದರೆ ಎಲೆಕ್ಟ್ರಿಕ್ ಗಿಟಾರಿನ ಆಂಪ್ಲಿಫೈಯರ್ ಈ ಮಾತಿಗೆ ಅಪವಾದವಾಗಿ ಉಳಿದಿದೆ. ಅಮೆರಿಕ, ಇಂಗ್ಲೆಂಡುಗಳಲ್ಲಿ ವಾಲ್ವ್‌ಗಳನ್ನೇ ಬಳಸಿ, ಕೈಯಿಂದಲೇ ಬೆಸುಗೆ ಹಾಕಿ, ಸಣ್ಣ ಪ್ರಮಾಣದಲ್ಲಿ ತಯಾರಿಸುವ ಆಂಪ್ಲಿಫೈಯರ್‌ಗಳಿಗೆ ‘ಬುಟಿಕ್’ ಎಂಬ ಹೆಸರಿದೆ. ಅಭ್ಯಾಸಕ್ಕೆಂದು ದೊರೆಯುವ ಟ್ರಾನ್ಸಿಸ್ಟರ್ ಮಾದರಿಯೊಂದು ನೂರಿನ್ನೂರು ಡಾಲರಿಗೆ ಸಿಗುವಾಗ, ಇವುಗಳಿಗೆ ಎರಡರಿಂದ ನಾಲ್ಕು ಸಾವಿರ ಡಾಲರ್ ತೆರಲು ಗ್ರಾಹಕರು ಸಿದ್ಧರಿದ್ದಾರೆ.

ಇಷ್ಟು ಬೆಲೆಯ ಹೊಸ ಸರಕನ್ನು ಗ್ರಾಹಕನು ಮೊದಲ ಬಾರಿ ಎದುರಿಸಿದಾಗ ಅವನ ಮನಸ್ಸಿನಲ್ಲಿ ಮೂಡುವ ಅಭಿಪ್ರಾಯವೇ ತಯಾರಕನ ನಿಜವಾದ ಬಂಡವಾಳ. ಆ ಅಭಿಪ್ರಾಯ ಹೇಗೆ ರೂಪುಗೊಳ್ಳುತ್ತದೆ, ಅದೊಂದನ್ನೇ ನಂಬಿದ ಉದ್ಯಮ ಎಷ್ಟು ಕಾಲ ನಿಲ್ಲಬಲ್ಲದು ಎಂಬುದು ನಮ್ಮ ಸಣ್ಣ ಉದ್ಯಮಿಗಳೂ ವಿಚಾರ ಮಾಡಬೇಕಾದ ವಿಷಯ.

ಒಂದು ನಿದರ್ಶನ

1989ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮಾರ್ಕ್ ಸ್ಯಾಂಪ್ಸನ್ ಮತ್ತು ರಿಕ್ ಪೆರೋಟಾ ಅವರು ಮ್ಯಾಚ್‌ಲೆಸ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಇಂಗ್ಲೆಂಡಿನ ವಾಕ್ಸ್ ಸಂಸ್ಥೆಯ ಎ.ಸಿ.30 ಎಂಬ ಆಂಪ್ಲಿಫೈಯರಿನ ನಾದಕ್ಕೆ ಆಗಲೇ ಅಪಾರ ಮನ್ನಣೆಯಿತ್ತು. ಆದರೆ ಊರಿಂದೂರಿಗೆ ಸಾಗುವ ವಾದ್ಯವೃಂದಗಳ ಒರಟು ಬಳಕೆಯನ್ನು ಹಳೆಯ ಎ.ಸಿ.30 ಸುಲಭವಾಗಿ ತಾಳುತ್ತಿರಲಿಲ್ಲ. ಅದೇ ಬಗೆಯ ನಾದವನ್ನು ನೀಡುವ, ಆದರೆ ಪ್ರವಾಸದ ಶ್ರಮವನ್ನು ತಡೆದುಕೊಳ್ಳುವ ಯಂತ್ರವನ್ನು ಕಟ್ಟುವುದೇ ಹೊಸ ಸಂಸ್ಥೆಯ ಗುರಿಯಾಯಿತು. ಇದರ ಫಲವಾಗಿ ಬಂದ ಡಿ.ಸಿ.30 ಮಾದರಿಯು ಬುಟಿಕ್ ಆಂಪ್ಲಿಫೈಯರ್‌ಗಳ ಸಾಲಿನಲ್ಲಿ ಇಂದಿಗೂ ಮೊದಲಿಗೆ ನೆನಪಾಗುವ ಹೆಸರು. ಮಾರುಕಟ್ಟೆಯಲ್ಲಿದ್ದ ಒಂದು ಸ್ಪಷ್ಟ ಕೊರತೆಯನ್ನು ಗುರುತಿಸಿ ಕೆಲಸಕ್ಕಿಳಿದುದೇ ಇಲ್ಲಿನ ಮೊದಲ ಜಾಣ್ಮೆ.

ಕಣ್ಣು ಮತ್ತು ಕೈ

ನಾದವನ್ನು ಕೇಳುವ ಮೊದಲೇ ಗ್ರಾಹಕನ ಪರೀಕ್ಷೆ ಆರಂಭವಾಗುತ್ತದೆ. ಡಿ.ಸಿ.30 ಒಬ್ಬರೇ ಎತ್ತಲು ಪ್ರಯಾಸಪಡಬೇಕಾದಷ್ಟು ಭಾರವಾದ ಪೆಟ್ಟಿಗೆ. ಈ ಭಾರದ ಬಹುಪಾಲು ಟ್ರಾನ್ಸ್‌ಫಾರ್ಮರ್‌ಗಳ ಕಬ್ಬಿಣ ಹಾಗೂ ತಾಮ್ರದಿಂದಲೂ, ಸ್ಪೀಕರ್‌ಗಳ ಅಯಸ್ಕಾಂತದಿಂದಲೂ, ಮರದಿಂದಲೂ ಬಂದುದು. ಮುಂಭಾಗದಲ್ಲಿ ಗುಂಡಿಗಳು ಬೆರಳೆಣಿಕೆಯಷ್ಟೇ ಇವೆ. ಸ್ವಿಚ್ ಹಾಕಿದೊಡನೆ ಸಂಸ್ಥೆಯ ಹೆಸರಿನ ಫಲಕ ಬೆಳಗುತ್ತದೆ. ಕತ್ತಲ ವೇದಿಕೆಯ ಮೇಲೆ ಇದು ಜಾಹೀರಾತಿನ ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತದೆಂಬುದನ್ನು ವ್ಯಾಪಾರಿಗಳಿಗೆ ವಿವರಿಸಬೇಕಾಗಿಲ್ಲ.

ಬಲ್ಲ ಗ್ರಾಹಕನು ಪೆಟ್ಟಿಗೆಯ ಒಳಭಾಗವನ್ನೂ ನೋಡಬಯಸುತ್ತಾನೆ. ದೊಡ್ಡ ಕಾರ್ಖಾನೆಗಳು ಮುದ್ರಿತ ಸರ್ಕಿಟ್ ಫಲಕದ ಮೇಲೆ ಯಂತ್ರಗಳ ನೆರವಿನಿಂದ ಬಿಡಿಭಾಗಗಳನ್ನು ಕೂರಿಸುತ್ತವೆ. ಡಿ.ಸಿ.30ರಲ್ಲಿ ಒಂದು ಬಿಂದುವಿನಿಂದ ಮತ್ತೊಂದು ಬಿಂದುವಿಗೆ ನೇರವಾಗಿ ಕೈಯಿಂದ ಜೋಡಣೆ ಮಾಡಲಾಗಿದೆ. ಕೈಜೋಡಣೆಯಿಂದ ನಾದ ಉತ್ತಮಗೊಳ್ಳುತ್ತದೆಯೇ ಎಂಬ ಚರ್ಚೆ ಮುಗಿಯುವಂಥದ್ದಲ್ಲ. ಆದರೆ ಕೆಟ್ಟ ಬಿಡಿಭಾಗವೊಂದನ್ನು ಗುರುತಿಸಿ ಬದಲಾಯಿಸುವುದು ಇಲ್ಲಿ ಸುಲಭವೆಂಬುದರಲ್ಲಿ ಸಂದೇಹವಿಲ್ಲ. ದುರಸ್ತಿಗೆ ಒದಗುವ ವಸ್ತುವನ್ನು ದಶಕಗಳ ಕಾಲ ಇಟ್ಟುಕೊಳ್ಳಬಹುದು ಎಂಬ ಭರವಸೆಗೇ ಗ್ರಾಹಕನು ಹೆಚ್ಚಿನ ಬೆಲೆ ತೆರುತ್ತಾನೆ.

ಮೊದಲ ಸ್ವರ

ತಂತಿಯನ್ನು ಮೀಟಿದಾಗ ನಿಜವಾದ ತೀರ್ಪು ಹೊರಬೀಳುತ್ತದೆ. ಟ್ರಾನ್ಸಿಸ್ಟರ್ ಸರ್ಕಿಟ್ ತನ್ನ ಮಿತಿಯನ್ನು ತಲುಪಿದೊಡನೆ ಧ್ವನಿಯ ಅಲೆಯನ್ನು ಥಟ್ಟನೆ ಕತ್ತರಿಸುತ್ತದೆ. ಕಿವಿಗೆ ಅದು ಕರ್ಕಶವಾಗಿ ಕೇಳುತ್ತದೆ. ವಾಲ್ವ್ ಸರ್ಕಿಟ್ ಮಿತಿಯನ್ನು ಕ್ರಮೇಣ ಸಮೀಪಿಸುವುದರಿಂದ ಅಲೆಯ ತುದಿಗಳು ಮೃದುವಾಗಿ ದುಂಡಾಗುತ್ತವೆ. ಮೆಲ್ಲಗೆ ಮೀಟಿದರೆ ತಿಳಿಯಾದ ನಾದ, ಬಲವಾಗಿ ಮೀಟಿದರೆ ತುಂಬಿದ, ಒರಟಾದ ನಾದ ಹೊಮ್ಮುತ್ತದೆ. ಗುಂಡಿಗಳನ್ನು ಮುಟ್ಟದೆ ಬೆರಳಿನ ಒತ್ತಡದಿಂದಲೇ ನಾದವನ್ನು ಬದಲಾಯಿಸಬಹುದೆಂಬ ಅನುಭವ ವಾದಕನನ್ನು ಮೊದಲ ನಿಮಿಷದಲ್ಲೇ ಗೆಲ್ಲುತ್ತದೆ.

ಇದಕ್ಕೆ ಇನ್ನೂ ಒಂದು ಕಾರಣವಿದೆ. ಪರ್ಯಾಯ ವಿದ್ಯುತ್ತನ್ನು ಏಕಮುಖ ವಿದ್ಯುತ್ತಾಗಿ ಪರಿವರ್ತಿಸಲೂ ಡಿ.ಸಿ.30ರಲ್ಲಿ ವಾಲ್ವನ್ನೇ ಬಳಸುತ್ತಾರೆ. ತಂತಿಗೆ ಜೋರಾದ ಪೆಟ್ಟು ಬಿದ್ದಾಗ ಒಳಗಿನ ವೋಲ್ಟೇಜ್ ಕ್ಷಣಕಾಲ ಕುಸಿದು ಮತ್ತೆ ಚೇತರಿಸಿಕೊಳ್ಳುತ್ತದೆ. ಸ್ವರವು ತುಸು ಅದುಮಿ ಅರಳಿದಂತೆ ಭಾಸವಾಗುತ್ತದೆ. ಎಂಜಿನಿಯರಿಂಗ್ ಲೆಕ್ಕದಲ್ಲಿ ದೋಷವೆನ್ನಿಸುವ ಈ ಗುಣವೇ ಕಲಾವಿದನಿಗೆ ಅಪೇಕ್ಷಣೀಯವಾದುದು. ನಾಲ್ಕು ಇ.ಎಲ್.84 ವಾಲ್ವ್‌ಗಳು ನೀಡುವ ಶಕ್ತಿ ಸುಮಾರು 30 ವಾಟ್ ಮಾತ್ರ. ಅದನ್ನು ಹೊರಸೂಸಲು ಎರಡು 12 ಅಂಗುಲದ ಸ್ಪೀಕರ್‌ಗಳಿದ್ದು, ಅವೆರಡೂ ಬೇರೆ ಬೇರೆ ಗುಣದವು. ಒಂದರ ಕೊರತೆಯನ್ನು ಮತ್ತೊಂದು ತುಂಬಲೆಂಬುದು ಇದರ ಉದ್ದೇಶ. ಗ್ರಾಹಕನ ಕಿವಿಯನ್ನು ಬಲ್ಲವನು ಮಾತ್ರ ಇಂಥ ನಿರ್ಧಾರ ಕೈಗೊಳ್ಳಬಲ್ಲ.

ನಕಲಿನಿಂದ ಸ್ವಂತಿಕೆಗೆ

ಈ ಉದ್ಯಮದಲ್ಲಿ ಯಾರೂ ಶೂನ್ಯದಿಂದ ಆರಂಭಿಸಿದವರಲ್ಲ. ಪಶ್ಚಿಮ ಲಂಡನ್ನಿನ ಹಾನ್ವೆಲ್‌ನಲ್ಲಿ ವಾದ್ಯಗಳ ಅಂಗಡಿ ನಡೆಸುತ್ತಿದ್ದ ಜಿಮ್ ಮಾರ್ಷಲ್ ಅವರ ಗ್ರಾಹಕರಿಗೆ ಅಮೆರಿಕದ ಫೆಂಡರ್ ಆಂಪ್ಲಿಫೈಯರ್ ಬೇಕಿತ್ತು. ಆದರೆ ಆಮದಿನ ಬೆಲೆ ದುಬಾರಿಯಾಗಿತ್ತು. 1962ರಲ್ಲಿ ಮಾರ್ಷಲ್ ಮತ್ತು ಅವರ ಸಂಗಡಿಗರು ಫೆಂಡರ್‌ನ ಬಾಸ್‌ಮನ್ ಮಾದರಿಯನ್ನು ಅನುಸರಿಸಿ ತಮ್ಮದೇ ಯಂತ್ರವನ್ನು ಕಟ್ಟಿದರು. ಕಾಲಕ್ರಮದಲ್ಲಿ ಅಮೆರಿಕದ ವಾಲ್ವ್‌ಗಳ ಸ್ಥಾನಕ್ಕೆ ಬ್ರಿಟನ್ನಿನಲ್ಲಿ ಸುಲಭವಾಗಿ ದೊರೆಯುತ್ತಿದ್ದ ವಾಲ್ವ್‌ಗಳೂ, ಅಲ್ಲಿನ ಸ್ಪೀಕರ್‌ಗಳೂ ಬಂದವು. ನಾದ ಬದಲಾಯಿತು, ಆ ಬದಲಾವಣೆಯೇ ಮುಂದೆ ಮಾರ್ಷಲ್ ನಾದವೆಂದು ಜಗತ್ತಿನಾದ್ಯಂತ ಹೆಸರಾಯಿತು. ಆಮದಿಗೆ ಬದಲಿಯಾಗಿ ಹುಟ್ಟಿದ ವಸ್ತು ಸ್ಥಳೀಯ ಬಿಡಿಭಾಗಗಳ ಬಲದಿಂದಲೇ ರಫ್ತಿನ ಸರಕಾದ ಈ ವೃತ್ತಾಂತ ಪ್ರತಿಯೊಬ್ಬ ತಯಾರಕನೂ ಗಮನಿಸತಕ್ಕದ್ದು.

ಇದಕ್ಕೆ ವಿರುದ್ಧವಾದ ಹಾದಿ ಹಿಡಿದವರು ಕ್ಯಾಲಿಫೋರ್ನಿಯಾದ ಅಲೆಕ್ಸಾಂಡರ್ ಡಂಬಲ್. ವಾದಕನು ನುಡಿಸುವುದನ್ನು ಕೇಳಿ, ಅವನ ಕೈಗೆ ಹೊಂದುವಂತೆ ಯಂತ್ರವನ್ನು ಕಟ್ಟುತ್ತಿದ್ದ ಇವರು ಜೀವಮಾನದಲ್ಲಿ ತಯಾರಿಸಿದ್ದು ಕೆಲವು ನೂರು ಆಂಪ್ಲಿಫೈಯರ್‌ಗಳನ್ನು ಮಾತ್ರ. ನಕಲು ಮಾಡುವವರಿಂದ ರಕ್ಷಿಸಿಕೊಳ್ಳಲು ಸರ್ಕಿಟಿನ ಭಾಗಗಳನ್ನು ಎಪಾಕ್ಸಿ ಅಂಟಿನಿಂದ ಮುಚ್ಚುತ್ತಿದ್ದರು. 2022ರ ಜನವರಿಯಲ್ಲಿ ಅವರು ನಿಧನರಾಗುವ ವೇಳೆಗೆ ಅವರ ಯಂತ್ರಗಳು ಲಕ್ಷ ಡಾಲರಿಗೂ ಮೀರಿದ ಬೆಲೆಗೆ ಕೈಬದಲಾಗುತ್ತಿದ್ದವು. ಆದರೆ ಆ ಬೆಲೆ ದೊರೆತದ್ದು ಬಹುಪಾಲು ಮರುಮಾರಾಟ ಮಾಡಿದವರಿಗೇ ಹೊರತು ತಯಾರಿಸಿದವರಿಗಲ್ಲ.

ಮೆಚ್ಚುಗೆಯೊಂದೇ ಸಾಲದು

ಕಣ್ಣು, ಕೈ, ಕಿವಿ ಮೂರನ್ನೂ ಗೆದ್ದ ಮ್ಯಾಚ್‌ಲೆಸ್ ಸಂಸ್ಥೆಯೂ 1990ರ ದಶಕದ ಕೊನೆಗೆ ಬಾಗಿಲು ಮುಚ್ಚಬೇಕಾಯಿತು. ಅನಂತರ ಬೇರೆಯವರ ನಿರ್ವಹಣೆಯಲ್ಲಿ ಅದು ಮತ್ತೆ ತಲೆಯೆತ್ತಿತು. ಗ್ರಾಹಕರ ಮೆಚ್ಚುಗೆ ಬೇರೆ, ಉದ್ಯಮದ ಭದ್ರತೆ ಬೇರೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಾಗಿಲ್ಲ.

ಪೂರೈಕೆಯ ಕೊಂಡಿ ಇನ್ನೊಂದು ದೌರ್ಬಲ್ಯ. ಸಂಗೀತಕ್ಕೆ ಬೇಕಾದ ವಾಲ್ವ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವ ದೇಶಗಳು ಮುಖ್ಯವಾಗಿ ರಷ್ಯಾ, ಸ್ಲೊವಾಕಿಯಾ ಮತ್ತು ಚೀನಾ. ಉಕ್ರೇನ್ ಯುದ್ಧ ಆರಂಭವಾದ ಬಳಿಕ, 2022ರ ಮಾರ್ಚ್‌ನಲ್ಲಿ ರಷ್ಯಾದಿಂದ ವಾಲ್ವ್‌ಗಳ ರಫ್ತು ನಿಂತಿತೆಂಬ ಸುದ್ದಿ ಬಂದೊಡನೆ ವ್ಯಾಪಾರಿಗಳ ದಾಸ್ತಾನು ಬರಿದಾಗತೊಡಗಿ ಬೆಲೆಗಳು ಏರಿದವು. ಪೂರೈಕೆ ಮುಂದೆ ಪುನರಾರಂಭವಾಯಿತಾದರೂ, ಮುಂಗಡ ಪಡೆದು ಹಳೆಯ ಬೆಲೆಗೆ ಮಾತು ಕೊಟ್ಟಿದ್ದ ಸಣ್ಣ ತಯಾರಕನಿಗೆ ಇಂಥ ಏರಿಕೆ ಎಂಥ ಸಂಕಟವೆಂಬುದನ್ನು ಕಚ್ಚಾ ಸಾಮಗ್ರಿಗಾಗಿ ಒಬ್ಬರನ್ನೇ ನಂಬಿದ ಯಾರಾದರೂ ಊಹಿಸಬಲ್ಲರು.

ನಮಗೇನು?

ಬೆಂಗಳೂರಿಗೆ ವಾಲ್ವ್ ಅಪರಿಚಿತವಲ್ಲ. 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1961ರಲ್ಲಿ ರೇಡಿಯೋ ವಾಲ್ವ್‌ಗಳ ತಯಾರಿಕೆಯನ್ನು ಆರಂಭಿಸಿತ್ತು. ಆ ಕಾಲದ ಬಿ.ಇ.ಎಲ್. ಮುದ್ರೆಯ ವಾಲ್ವ್‌ಗಳು ಹಳೆಯ ದಾಸ್ತಾನಿನ ಮಾರುಕಟ್ಟೆಯಲ್ಲಿ ಇಂದಿಗೂ ಕಾಣಸಿಗುತ್ತವೆ. ಟ್ರಾನ್ಸ್‌ಫಾರ್ಮರ್ ಸುತ್ತುವುದು, ಲೋಹದ ಹಾಳೆಯ ಕೆಲಸ, ಮರಗೆಲಸ, ಬೆಸುಗೆ ಇವೆಲ್ಲವೂ ನಮ್ಮ ಸಣ್ಣ ಕೈಗಾರಿಕಾ ಘಟಕಗಳಿಗೆ ರೂಢಿಯಲ್ಲಿರುವ ವಿದ್ಯೆಗಳೇ.

ಹಾಗೆಂದು ಎಲ್ಲರೂ ಇದಕ್ಕೇ ಇಳಿಯಬೇಕೆಂಬುದು ಈ ಲೇಖನದ ಆಶಯವಲ್ಲ. ಇಳಿಯಬಯಸುವವರು ಕೆಲವು ಎಚ್ಚರಗಳನ್ನು ಮರೆಯಬಾರದು. ಈ ಯಂತ್ರಗಳೊಳಗೆ 300 ವೋಲ್ಟಿಗೂ ಮಿಕ್ಕಿದ ಏಕಮುಖ ವಿದ್ಯುತ್ ಇರುತ್ತದೆ. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ಗಳಲ್ಲಿ ಪ್ರಾಣಾಪಾಯಕಾರಿಯಾದ ವಿದ್ಯುತ್ ಉಳಿದಿರಬಲ್ಲದು. ಆದುದರಿಂದ ತರಬೇತಿಯಿಲ್ಲದವರ ಕೈಗೆ ಈ ಕೆಲಸ ಒಪ್ಪಿಸಲಾಗದು. ಯುರೋಪಿಗೆ ಕಳುಹಿಸುವುದಾದರೆ ಸಿ.ಇ. ಗುರುತು ಬೇಕು; 2006ರ ಜುಲೈನಿಂದ ಅಲ್ಲಿ ಸೀಸದಂತಹ ವಸ್ತುಗಳ ಮೇಲೆ ನಿರ್ಬಂಧವಿರುವುದರಿಂದ ಬೆಸುಗೆಯ ತಂತಿಯಿಂದಲೇ ಎಚ್ಚರ ವಹಿಸಬೇಕು.

ಉಳಿದಂತೆ, ಈ ಪಾಠ ಆಂಪ್ಲಿಫೈಯರಿಗೆ ಸೀಮಿತವಾದುದಲ್ಲ. ಗ್ರಾಹಕನು ಮೊದಲ ನೋಟಕ್ಕೆ, ಮೊದಲ ಸ್ವರಕ್ಕೆ ಮನಸೋಲುವುದು ತಾನು ಕಾಣದ ಕೆಲಸಕ್ಕೆ: ಒಳಗಿನ ಬೆಸುಗೆಗೆ, ಸುತ್ತಿದ ತಾಮ್ರಕ್ಕೆ, ಆರಿಸಿದ ಬಿಡಿಭಾಗಕ್ಕೆ. ಆ ಮೆಚ್ಚುಗೆಯನ್ನು ಗಳಿಸುವುದು ಕುಶಲಕರ್ಮಿಯ ಕೆಲಸ. ಎರಡನೆಯ ಪೂರೈಕೆದಾರನನ್ನು ಹುಡುಕಿಟ್ಟುಕೊಂಡು, ತನ್ನಿಂದಾಗುವಷ್ಟೇ ಆದೇಶಗಳನ್ನು ಒಪ್ಪಿಕೊಂಡು, ಬೆಲೆಯಲ್ಲಿ ಮುಂದಿನ ದುರಸ್ತಿಯ ವೆಚ್ಚವನ್ನೂ ಸೇರಿಸಿ ಆ ಮೆಚ್ಚುಗೆಯನ್ನು ಉಳಿಸಿಕೊಳ್ಳುವುದು ವ್ಯಾಪಾರಿಯ ಕೆಲಸ. ಸಣ್ಣ ಉದ್ಯಮದಲ್ಲಿ ಇವರಿಬ್ಬರೂ ಹೆಚ್ಚಾಗಿ ಒಬ್ಬನೇ ಆಗಿರುವುದರಿಂದ, ಬೆಸುಗೆಯ ಮೇಜಿನ ಮೇಲಿರುವಷ್ಟೇ ಗಮನ ಲೆಕ್ಕದ ಪುಸ್ತಕದ ಮೇಲೂ ಇರತಕ್ಕದ್ದು.