ಪದವಿಯ ಹೊಸ್ತಿಲಲ್ಲಿ ವಾಣಿಜ್ಯ ವಿದ್ಯಾರ್ಥಿನಿಯರು: ಕಾಲೇಜಿನ ನೆನಪು, ಮಹಿಳಾ ಕೋಶದ ಪಾಠ

ಫೆಬ್ರವರಿ ಕಳೆದು ಮಾರ್ಚ್ ಬಂತೆಂದರೆ ಮುಂಬಯಿ ಮಹಾನಗರದ ವಾಣಿಜ್ಯ ಕಾಲೇಜುಗಳಲ್ಲಿ ವಿದಾಯ ಕೂಟಗಳ ಕಾಲ. ಬಿ.ಕಾಂ., ಬಿ.ಎಂ.ಎಸ್. ತರಗತಿಗಳ ಕೊನೆಯ ವರ್ಷದ ವಿದ್ಯಾರ್ಥಿನಿಯರು ಅಮ್ಮನ ಸೀರೆಯುಟ್ಟು ಬಂದು ಫೋಟೋ ತೆಗೆಸಿಕೊಳ್ಳುತ್ತಾರೆ, ಪರಸ್ಪರರ ಪುಸ್ತಕಗಳಲ್ಲಿ ನಾಲ್ಕು ಸಾಲು ಬರೆಯುತ್ತಾರೆ. ನಮ್ಮ ತುಳು-ಕನ್ನಡಿಗರ ಮನೆಗಳ ಹೆಣ್ಣುಮಕ್ಕಳೂ ಈಗ ಇವರ ನಡುವೆ ಬಹು ಸಂಖ್ಯೆಯಲ್ಲಿದ್ದಾರೆ. ಕಳೆದ ಮೂರು ವರ್ಷ ಏನು ಕೊಟ್ಟಿತು, ಮುಂದೇನು ಎಂಬ ಪ್ರಶ್ನೆ ಅವರನ್ನೂ ಅವರ ಹೆತ್ತವರನ್ನೂ ಏಕಕಾಲಕ್ಕೆ ಕಾಡುವ ಸಮಯವಿದು.

ಕಾಲೇಜಿನ ನೆನಪು ಎಂದಾಗ ಹೆಚ್ಚಿನವರ ಬಾಯಲ್ಲಿ ಮೊದಲು ಬರುವುದು ಪಾಠವಲ್ಲ, ಪ್ರಯಾಣ. ವಿರಾರ್, ಕಲ್ಯಾಣ್, ಪನ್ವೇಲ್ ಕಡೆಗಳಿಂದ ಬೆಳಗ್ಗೆ ಮನೆ ಬಿಟ್ಟು ಮಹಿಳೆಯರ ಡಬ್ಬಿಯಲ್ಲಿ ನಿಂತೇ ಪರೀಕ್ಷೆಗೆ ಓದಿದವರು ಎಷ್ಟೋ ಮಂದಿ. ಪಶ್ಚಿಮ ರೈಲ್ವೆ 1992ರ ಮೇ 5ರಂದು ಚರ್ಚ್‌ಗೇಟ್-ಬೊರಿವಲಿ ನಡುವೆ ಮಹಿಳೆಯರಿಗೆಂದೇ ಪೂರ್ತಿ ರೈಲೊಂದನ್ನು ಓಡಿಸಲು ಆರಂಭಿಸಿದ್ದು ಉಪನಗರದ ಹೆಣ್ಣುಮಕ್ಕಳ ಓದಿಗೂ ಉದ್ಯೋಗಕ್ಕೂ ದೊಡ್ಡ ನೆರವಾಯಿತು. ಆ ಬಳಿಕ ಕ್ಯಾಂಟೀನಿನ ವಡಾಪಾವ್, ಹಾಜರಾತಿ ಸಾಲದವರ ಪಟ್ಟಿಯಲ್ಲಿ ಹೆಸರು ಬಂದಾಗಿನ ಭಯ, ಮುಂಬಯಿ ವಿದ್ಯಾರ್ಥಿಗಳಿಗೆ ಮಾತ್ರ ಚೆನ್ನಾಗಿ ಅರ್ಥವಾಗುವ ಎ.ಟಿ.ಕೆ.ಟಿ. ಎಂಬ ನಾಲ್ಕಕ್ಷರ, ಎನ್.ಎಸ್.ಎಸ್. ಶಿಬಿರದ ಏಳು ದಿನ. ಹೀಗೆ ಪಟ್ಟಿ ಬೆಳೆಯುತ್ತದೆ.

ವಾಣಿಜ್ಯ ವಿದ್ಯಾರ್ಥಿಗಳ ಮಟ್ಟಿಗೆ ಕಾಲೇಜು ಉತ್ಸವವೂ ಒಂದು ಪಾಠಶಾಲೆಯೇ. ಪ್ರಾಯೋಜಕರನ್ನು ಹುಡುಕಿಕೊಂಡು ಅಂಗಡಿ, ಬ್ಯಾಂಕು, ಹೊಟೇಲುಗಳ ಮೆಟ್ಟಿಲು ಹತ್ತುವುದು, ಹತ್ತು ಕಡೆ ಇಲ್ಲವೆಂದು ಕೇಳಿ ಹನ್ನೊಂದನೆಯ ಕಡೆ ಮತ್ತೆ ನಗುತ್ತಾ ಮಾತನಾಡುವುದು, ಖರ್ಚಿನ ರಸೀದಿ ಜೋಡಿಸಿ ಪ್ರಾಧ್ಯಾಪಕರಿಗೆ ಲೆಕ್ಕ ಒಪ್ಪಿಸುವುದು - ಇವೆಲ್ಲ ಪಠ್ಯಪುಸ್ತಕದಲ್ಲಿ ಸಿಗುವಂಥದ್ದಲ್ಲ. ಮನೆಯಲ್ಲಿ ಅಪರಿಚಿತರೊಡನೆ ಹೆಚ್ಚು ಮಾತನಾಡದೆ ಬೆಳೆದ ಹುಡುಗಿಯರಿಗಂತೂ ಇದು ಲೋಕ ಕಾಣುವ ಮೊದಲ ಕಿಟಕಿ.

ಮಹಿಳಾ ಕೋಶದ ಹಿನ್ನೆಲೆ

ಇವೆಲ್ಲದರ ನಡುವೆ ಕಾಲೇಜಿನ ಮೂಲೆಯ ಚಿಕ್ಕ ಕೋಣೆಯೊಂದರ ಬಾಗಿಲ ಮೇಲೆ ಮಹಿಳಾ ವಿಕಾಸ ಕೋಶ ಎಂಬ ಫಲಕವಿರುತ್ತದೆ. ಇಂಗ್ಲಿಷಿನ ಮೊದಲಕ್ಷರಗಳಿಂದ ಡಬ್ಲ್ಯು.ಡಿ.ಸಿ. ಎಂದೇ ವಿದ್ಯಾರ್ಥಿನಿಯರು ಕರೆಯುವ ಈ ಕೂಟಕ್ಕೆ ಮೊದಲ ವರ್ಷ ಬಂದ ಹುಡುಗಿಯರು ಸಾಮಾನ್ಯವಾಗಿ ಕಾಲಿಡುವುದಿಲ್ಲ. ಏನಾದರೂ ಕೆಟ್ಟದ್ದು ನಡೆದರೆ ಮಾತ್ರ ಹೋಗಬೇಕಾದ ಜಾಗ ಅದು ಎಂಬ ಭಾವನೆ ಇದಕ್ಕೆ ಕಾರಣ.

ಈ ಭಾವನೆಗೆ ಹಿನ್ನೆಲೆಯೂ ಇದೆ. ರಾಜಸ್ಥಾನದ ಪ್ರಕರಣವೊಂದರ ನಂತರ ಸಲ್ಲಿಕೆಯಾದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 1997ರ ಆಗಸ್ಟ್ 13ರಂದು ವಿಶಾಖಾ ತೀರ್ಪು ನೀಡಿ, ಉದ್ಯೋಗ ಸ್ಥಳಗಳಲ್ಲಿ ಮಹಿಳೆಯರ ದೂರು ಕೇಳಲು ಸಮಿತಿ ಇರಬೇಕೆಂದಿತು. 2013ರಲ್ಲಿ ಇದಕ್ಕೆ ಸಂಸತ್ತಿನ ಕಾಯಿದೆಯೇ ಬಂತು. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಕಡ್ಡಾಯ. ಅದರ ಮುಖ್ಯಸ್ಥೆ ಮಹಿಳೆಯೇ ಆಗಿರಬೇಕು, ಸದಸ್ಯರಲ್ಲಿ ಕನಿಷ್ಠ ಅರ್ಧ ಮಂದಿ ಮಹಿಳೆಯರಿರಬೇಕು, ಹೊರಗಿನ ಸದಸ್ಯರೊಬ್ಬರು ಇರಬೇಕು. ದೂರನ್ನು ಸಾಮಾನ್ಯವಾಗಿ ಮೂರು ತಿಂಗಳೊಳಗೆ ಕೊಡಬೇಕು, ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಸಮಿತಿ ರಚಿಸದ ಮಾಲಕರಿಗೆ 50 ಸಾವಿರ ರೂ. ತನಕ ದಂಡ. ವಿಶ್ವವಿದ್ಯಾಲಯ ಅನುದಾನ ಆಯೋಗವು ಕಾಲೇಜುಗಳಿಗೆ ಪ್ರತ್ಯೇಕವಾಗಿ 2015ರ ನಿಯಮಾವಳಿ ಹೊರಡಿಸಿ, ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಪ್ರಕರಣಗಳಲ್ಲಿ ವಿದ್ಯಾರ್ಥಿ ಪ್ರತಿನಿಧಿಗಳೂ ಸಮಿತಿಯಲ್ಲಿರಬೇಕೆಂದು ಹೇಳಿತು. ದೂರು ಕೇಳುವುದು ಈ ಆಂತರಿಕ ಸಮಿತಿಯ ಹೊಣೆ. ತಿಳಿವಳಿಕೆ ಕೊಡುವುದು, ಧೈರ್ಯ ತುಂಬುವುದು ಮಹಿಳಾ ಕೋಶದ ಕೆಲಸ. ಈ ವ್ಯತ್ಯಾಸ ಗೊತ್ತಿಲ್ಲದೆಯೇ ಅನೇಕರು ಪದವಿ ಮುಗಿಸುತ್ತಾರೆ.

ಕೋಶದಲ್ಲಿ ನಿಜವಾಗಿ ಕೆಲಸ ಮಾಡಿದ ವಿದ್ಯಾರ್ಥಿನಿಯರು ವಿದಾಯದ ದಿನ ನೆನೆಯುವುದು ಬೇರೆಯದೇ ಸಂಗತಿಗಳನ್ನು. ರಕ್ತಹೀನತೆಯ ತಪಾಸಣೆ, ಆತ್ಮರಕ್ಷಣೆಯ ತರಬೇತಿ, ವಕೀಲರ ಉಪನ್ಯಾಸ, ಬೀದಿ ನಾಟಕ ಮೊದಲಾದವು ಕಾರ್ಯಕ್ರಮಗಳ ಪಟ್ಟಿಯಲ್ಲಿ ಕಾಣುತ್ತವೆ. ಪಟ್ಟಿಯಲ್ಲಿ ಕಾಣದ್ದು ಇನ್ನೊಂದಿದೆ. ಕೊನೆಯ ವರ್ಷದ ಅಕ್ಕಂದಿರು ಮೊದಲ ವರ್ಷದವರಿಗೆ ಮೈಕ್ ಹಿಡಿಯಲು ಕಲಿಸುತ್ತಾರೆ, ಸಂದರ್ಶನಕ್ಕೆ ಸಿದ್ಧಗೊಳಿಸುತ್ತಾರೆ, ತಡವಾದ ದಿನ ಜತೆಯಲ್ಲಿ ಸ್ಟೇಶನ್ ತನಕ ನಡೆಯುತ್ತಾರೆ. ಮಾತೃಭಾಷೆಯ ಶಾಲೆಯಿಂದ ಬಂದು ಇಂಗ್ಲಿಷಿಗೆ ಅಂಜಿ ಹಿಂದಿನ ಬೆಂಚಿನಲ್ಲಿ ಕುಳಿತ ಹುಡುಗಿಗೆ ಇದು ಸಣ್ಣ ನೆರವಲ್ಲ.

ಆದರೆ ಎಲ್ಲ ಕಡೆಯೂ ಹೀಗಿಲ್ಲ ಎಂಬುದನ್ನೂ ಹೇಳಬೇಕು. ಮಾರ್ಚ್ 8ರ ಮಹಿಳಾ ದಿನದ ಒಂದು ಭಾಷಣ, ಒಂದು ರಂಗೋಲಿ ಸ್ಪರ್ಧೆಗೆ ವರ್ಷದ ಕೆಲಸ ಮುಗಿಸುವ ಕೋಶಗಳೂ ಇವೆ. ಹುಡುಗರನ್ನು ಸಭೆಗೆ ಕರೆಯದಿದ್ದರೆ ತಿಳಿಯಬೇಕಾದವರಿಗೆ ತಿಳಿಯುವುದಾದರೂ ಹೇಗೆ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ.

ಹಾದಿ ಮಾಡಿಕೊಟ್ಟವರು

ವಾಣಿಜ್ಯ ಶಿಕ್ಷಣವೆಂದರೆ ಗಂಡುಮಕ್ಕಳದ್ದು ಎಂಬ ಕಾಲವೊಂದಿತ್ತು. ಮುಂಬಯಿಯಲ್ಲಿ ಸಿಡೆನ್‌ಹ್ಯಾಂ ವಾಣಿಜ್ಯ ಕಾಲೇಜು ಆರಂಭವಾದದ್ದು 1913ರಲ್ಲಿ. ಮಹರ್ಷಿ ಧೋಂಡೊ ಕೇಶವ ಕರ್ವೆಯವರು ಮಹಿಳೆಯರಿಗೆಂದೇ ವಿಶ್ವವಿದ್ಯಾಲಯವನ್ನು ಪುಣೆಯಲ್ಲಿ ಸ್ಥಾಪಿಸಿದ್ದು 1916ರಲ್ಲಿ. ಅದೇ ಮುಂದೆ ಮುಂಬಯಿಗೆ ಬಂದು ಎಸ್.ಎನ್.ಡಿ.ಟಿ. ಎಂದು ಮನೆಮಾತಾಯಿತು. ಮದರಾಸಿನ ಆರ್. ಶಿವಭೋಗಂ 1933ರಲ್ಲಿ ಲೆಕ್ಕಪತ್ರ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ದೇಶದ ಮೊದಲ ಮಹಿಳಾ ಚಾರ್ಟರ್ಡ್ ಅಕೌಂಟೆಂಟ್ ಎನಿಸಿದರು.

ಮಹಿಳಾ ಕೂಟಗಳ ಇತಿಹಾಸದಲ್ಲಿ ನಮ್ಮ ಕರಾವಳಿಯ ಪಾಲೂ ಇದೆ. 1927ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಿಕ್ಷಣದ ಚರ್ಚೆಗಾಗಿಯೇ ಸೇರಿದ ಅಖಿಲ ಭಾರತ ಮಹಿಳಾ ಸಮ್ಮೇಳನವನ್ನು ಆರಂಭದ ದಿನಗಳಲ್ಲಿ ಕಟ್ಟಿ ಬೆಳೆಸಿದವರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಒಬ್ಬರು.

ವ್ಯಾಪಾರದ ಪಾಠಕ್ಕೆ ಈ ನಗರದ ಹೆಂಗಸರೇ ಉದಾಹರಣೆಯಾದದ್ದೂ ಉಂಟು. 1959ರ ಮಾರ್ಚ್ 15ರಂದು ಗಿರ್ಗಾಂವ್‌ನ ಹಳೆಯ ಕಟ್ಟಡವೊಂದರ ಮಾಳಿಗೆಯಲ್ಲಿ ಏಳು ಮಂದಿ ಗೃಹಿಣಿಯರು 80 ರೂ. ಸಾಲ ತಂದು ಹಪ್ಪಳ ಲಟ್ಟಿಸಲು ಕುಳಿತರು. ಅದೇ ಲಿಜ್ಜತ್ ಪಾಪಡ್. ದುಡಿಯುವ ಸದಸ್ಯೆಯರೇ ಒಡತಿಯರು ಎಂಬ ಅದರ ನಿಯಮವನ್ನು ಇಂದು ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳು ತರಗತಿಯಲ್ಲಿ ಓದುತ್ತಾರೆ. ಸ್ಥಾಪಕಿಯರಲ್ಲಿ ಒಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಆ ಏಳು ಮಂದಿಯಲ್ಲಿ ಇದ್ದದ್ದು ಒಗ್ಗಟ್ಟು ಮತ್ತು ಚೊಕ್ಕ ಲೆಕ್ಕ.

ಮೇಲಿನ ಹುದ್ದೆಗಳ ಬಾಗಿಲೂ ತೆರೆದಿದೆ. 2000ದಲ್ಲಿ ರಂಜನಾ ಕುಮಾರ್ ಇಂಡಿಯನ್ ಬ್ಯಾಂಕಿನ ಮುಖ್ಯಸ್ಥೆಯಾದರು, 2013ರಲ್ಲಿ ಅರುಂಧತಿ ಭಟ್ಟಾಚಾರ್ಯ ಸ್ಟೇಟ್ ಬ್ಯಾಂಕಿನ ಮೊದಲ ಮಹಿಳಾ ಅಧ್ಯಕ್ಷೆಯಾದರು. 2013ರ ಕಂಪೆನಿ ಕಾಯಿದೆಯು ಶೇರು ಮಾರುಕಟ್ಟೆಯಲ್ಲಿ ನೋಂದಾಯಿತ ಕಂಪೆನಿಗಳ ನಿರ್ದೇಶಕ ಮಂಡಳಿಯಲ್ಲಿ ಒಬ್ಬ ಮಹಿಳೆಯಾದರೂ ಇರಬೇಕೆಂದಿತು. ಆದರೆ ಕಾನೂನು ಕುರ್ಚಿ ಇಡಬಲ್ಲದು. ಅದರಲ್ಲಿ ಕುಳಿತುಕೊಳ್ಳುವ ಅನುಭವವನ್ನು ಕೆಳಗಿನ ಮೆಟ್ಟಿಲಿನಿಂದಲೇ ಗಳಿಸಬೇಕು.

ನಮ್ಮವರ ಮನೆಯ ಮಾತು

ಮುಂಬಯಿಗೆ ಬಂದ ತುಳು-ಕನ್ನಡಿಗರಿಗೆ ವಾಣಿಜ್ಯ ಪದವಿಯ ಬೆಲೆ ಬೇರೆಯವರು ಹೇಳಬೇಕಾಗಿಲ್ಲ. ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, ಕಚೇರಿಗೆ ಹೋಗುವ ಮುನ್ನ ಬೆಳಗಿನ ಕಾಲೇಜಿನಲ್ಲಿ ಬಿ.ಕಾಂ. ಓದಿದ ತಲೆಮಾರು ಅದು. ದುಡಿಯುವವರಿಗೆ ಅನುಕೂಲವಾಗಲೆಂದು ಬೆಳಗಿನ ತರಗತಿ ನಡೆಸಿದ ಸಿದ್ಧಾರ್ಥ ಕಾಲೇಜನ್ನು ಡಾ. ಅಂಬೇಡ್ಕರ್ 1946ರಲ್ಲಿ ತೆರೆದದ್ದು ಇಂಥ ಎಷ್ಟೋ ಬಡ ಯುವಕರಿಗೆ ಆಸರೆಯಾಯಿತು. ಊರಿನ ಬ್ಯಾಂಕುಗಳ ಮುಂಬಯಿ ಶಾಖೆಗಳು ಅವರಿಗೆ ಉದ್ಯೋಗ ಕೊಟ್ಟವು. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಂದಿಗೂ, ಕಾರ್ಪೊರೇಶನ್ ಬ್ಯಾಂಕು 2020ರಲ್ಲಿ ಯೂನಿಯನ್ ಬ್ಯಾಂಕಿನೊಂದಿಗೂ, ಸಿಂಡಿಕೇಟ್ ಬ್ಯಾಂಕು ಅದೇ ವರ್ಷ ಕೆನರಾ ಬ್ಯಾಂಕಿನೊಂದಿಗೂ ವಿಲೀನವಾದವು. ಫಲಕ ಬದಲಾದರೂ ಆ ಸಂಬಳದಿಂದ ಓದಿದ ಮಕ್ಕಳು ಇಂದು ಪದವೀಧರರು.

ಅಪ್ಪ ಕಷ್ಟಪಟ್ಟು ಪಡೆದ ಪದವಿ ಬದುಕನ್ನೇ ಬದಲಿಸಿತು. ಮಗಳು ಒಳ್ಳೆಯ ಅಂಕಗಳಿಂದ ಪಡೆದ ಅದೇ ಪದವಿ ಮದುವೆಯ ಬಯೋಡಾಟಾದ ಒಂದು ಸಾಲಾಗಿ ಉಳಿಯಬಾರದು. ಒಳ್ಳೆಯ ಸಂಬಂಧ ಬಂದಿದೆ, ಕೆಲಸ ಆಮೇಲೆ ನೋಡಿದರಾಯಿತು ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಕೇಳಿಬರುತ್ತದೆ. ಆ 'ಆಮೇಲೆ' ಬಂದಾಗ ಮಗುವಿನ ಶಾಲೆ, ಅತ್ತೆಯ ಆರೋಗ್ಯ, ಮುಂಬಯಿಯ ಪ್ರಯಾಣ ಎಲ್ಲವೂ ಅಡ್ಡ ನಿಲ್ಲುತ್ತವೆ. ಹೆತ್ತವರು ಮದುವೆಯ ಮಾತುಕತೆಯಲ್ಲೇ ಮಗಳ ಉದ್ಯೋಗದ ವಿಷಯವನ್ನು ಸ್ಪಷ್ಟಪಡಿಸಿಕೊಂಡರೆ ಮುಂದೆ ಎರಡೂ ಮನೆಯವರಿಗೆ ನೆಮ್ಮದಿ.

ಅವಕಾಶಗಳಿಗೆ ಕೊರತೆಯಿಲ್ಲ. ಶೇ. 55 ಅಂಕ ಗಳಿಸಿದ ವಾಣಿಜ್ಯ ಪದವೀಧರರು ಸಿ.ಎ. ಫೌಂಡೇಶನ್ ಪರೀಕ್ಷೆಯಿಲ್ಲದೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. 2023ರ ಹೊಸ ವ್ಯವಸ್ಥೆಯಲ್ಲಿ ಆರ್ಟಿಕಲ್‌ಶಿಪ್ ಅವಧಿಯೂ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. 4 ಲಕ್ಷ ರೂ. ವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಆಸ್ತಿ ಅಡವು ಕೇಳುವಂತಿಲ್ಲ. ಸರಕಾರಿ ಬ್ಯಾಂಕುಗಳ ಗುಮಾಸ್ತ ಹುದ್ದೆಯ ಪರೀಕ್ಷೆಗೆ ಯಾವುದೇ ಪದವಿ ಸಾಕು, ಆದರೆ ಅರ್ಜಿ ಹಾಕುವ ರಾಜ್ಯದ ಭಾಷೆ ಬಲ್ಲವರಾಗಿರಬೇಕು. ಮನೆಯಲ್ಲಿ ಕನ್ನಡ ಓದಲು ಬರೆಯಲು ಕಲಿತ ಮುಂಬಯಿ ಹುಡುಗಿಗೆ ಕರ್ನಾಟಕದ ಹುದ್ದೆಗಳ ಬಾಗಿಲೂ ತೆರೆಯುತ್ತದೆಂಬುದನ್ನು ಹೆತ್ತವರು ಗಮನಿಸಬೇಕು.

ಸಂಘಗಳ ಮಹಿಳಾ ವಿಭಾಗ ಏನು ಮಾಡಬಹುದು?

ಕಾಲೇಜಿನ ಗುರುತುಚೀಟಿ ಹಿಂತಿರುಗಿಸಿದ ದಿನವೇ ಮಹಿಳಾ ಕೋಶದ ನಂಟು ಕಡಿಯುತ್ತದೆ. ಹೊಸ ಕಚೇರಿಯಲ್ಲಿ ಮೊದಲ ತೊಂದರೆ ಬಂದಾಗ ಕೇಳಲು ಹಿರಿಯ ಗೆಳತಿ ಇರುವುದಿಲ್ಲ. ಈ ಜಾಗವನ್ನು ತುಂಬಬಲ್ಲವರು ನಮ್ಮ ಸಮಾಜದ ಸಂಘಗಳು. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1911ರ ಕೆನರಾ ಸಾರಸ್ವತ ಅಸೋಸಿಯೇಶನ್, 1926ರ ಮೈಸೂರು ಅಸೋಸಿಯೇಶನ್, 1927ರ ಬಂಟರ ಸಂಘ, 1932ರ ಬಿಲ್ಲವರ ಅಸೋಸಿಯೇಶನ್ ಎಂದು ನೂರು ವರ್ಷದ ಆಸುಪಾಸಿನ ಸಂಸ್ಥೆಗಳು ಇಲ್ಲಿವೆ. ಅರಸಿನ ಕುಂಕುಮ, ಆಟಿಡೊಂಜಿ ದಿನ, ಭಜನೆ, ಪ್ರತಿಭಾ ಪುರಸ್ಕಾರಗಳನ್ನು ಅಚ್ಚುಕಟ್ಟಾಗಿ ನಡೆಸುವ ಮಹಿಳಾ ವಿಭಾಗಗಳ ಸಂಘಟನಾ ಶಕ್ತಿ ಶ್ಲಾಘನೀಯ. ಅದೇ ಶಕ್ತಿ ಹೊಸ ಪದವೀಧರೆಯರ ಕಡೆಗೂ ತಿರುಗಬೇಕು.

ಇದಕ್ಕೆ ದೊಡ್ಡ ಖರ್ಚೇನೂ ಬೇಡ. ಪ್ರತಿಭಾ ಪುರಸ್ಕಾರದ ವೇದಿಕೆಯಲ್ಲಿ ಶಾಲು ಹೊದೆಸಿ ಕಳುಹಿಸುವ ಬದಲು ಆ ಹುಡುಗಿಯ ಹೆಸರು, ವಿಷಯ ಬರೆದಿಟ್ಟುಕೊಂಡು, ಅದೇ ಕ್ಷೇತ್ರದಲ್ಲಿರುವ ಸಮಾಜದ ಹಿರಿಯ ಮಹಿಳೆಯೊಬ್ಬರ ಪರಿಚಯ ಮಾಡಿಸಬಹುದು. ವಿಭಾಗದ ವಾರ್ಷಿಕ ಲೆಕ್ಕಪತ್ರವನ್ನು ಹಿರಿಯರ ಮೇಲ್ವಿಚಾರಣೆಯಲ್ಲಿ ಇಬ್ಬರು ಬಿ.ಕಾಂ. ಹುಡುಗಿಯರಿಗೆ ಒಪ್ಪಿಸಬಹುದು. ತಿಂಗಳಿಗೊಂದು ರವಿವಾರ ಬ್ಯಾಂಕ್ ಉದ್ಯೋಗಿನಿಯರು, ವಕೀಲೆಯರು ಬಂದು ನೇಮಕಾತಿ ಪತ್ರ ಓದುವುದು, ಭವಿಷ್ಯನಿಧಿ, ಆಂತರಿಕ ಸಮಿತಿ, ಹೆರಿಗೆ ರಜೆಯ ಬಗ್ಗೆ ತಿಳಿಸಬಹುದು. ಹೆರಿಗೆ ರಜೆ 2017ರಲ್ಲಿ 12 ವಾರಗಳಿಂದ 26ಕ್ಕೆ ಏರಿರುವುದು ಅನೇಕರಿಗೆ ಅಗತ್ಯ ಬಂದಾಗಲಷ್ಟೇ ತಿಳಿಯುತ್ತದೆ.

ಪದವೀಧರೆಯರ ಪಾಲಿಗೂ ಒಂದು ಕರ್ತವ್ಯವಿದೆ. ಮೊದಲ ಸಂಬಳ ತನ್ನದೇ ಹೆಸರಿನ ಖಾತೆಗೆ ಬರಲಿ, ಅದರ ವಹಿವಾಟು ತನಗೇ ತಿಳಿದಿರಲಿ, ನಾಮನಿರ್ದೇಶನದ ಅರ್ಜಿಯನ್ನು ಓದಿಯೇ ಸಹಿ ಮಾಡಲಿ. ಮನೆಗೆ ಕೊಡುವುದನ್ನು ಸಂತೋಷದಿಂದ ಕೊಡಲಿ; ಸ್ವಲ್ಪವನ್ನು ತನಗೆಂದು ಉಳಿಸಲಿ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿ ಆರಂಭಿಸಿ, ಸಣ್ಣ ಉಳಿತಾಯ ಎಷ್ಟು ದೂರ ಕೊಂಡೊಯ್ಯಬಲ್ಲದೆಂದು ನಮ್ಮ ಹಿರಿಯರಿಗೆ ತೋರಿಸಿತ್ತು. ಆ ಪಾಠ ಮೊಮ್ಮಗಳ ಕಾಲಕ್ಕೂ ಸಲ್ಲುತ್ತದೆ.

ಈ ವರ್ಷ ಪದವಿ ಪಡೆಯುವ ಎಲ್ಲ ವಿದ್ಯಾರ್ಥಿನಿಯರಿಗೆ ಶುಭ ಹಾರೈಸೋಣ. ಅಭಿನಂದನೆಯ ಹೂಗುಚ್ಛದ ಜತೆಗೆ, ಕೆಲಸ ಹುಡುಕುತ್ತಿದ್ದೀಯಾ ಮಗಳೇ, ನಮ್ಮಿಂದ ಏನಾಗಬೇಕು ಎಂದು ಸಂಘದ ಹಿರಿಯರೊಬ್ಬರು ಕೇಳಿದರೆ, ಆ ಒಂದು ಮಾತೇ ಅವಳಿಗೆ ದೊಡ್ಡ ಬಲವಾದೀತು.